ಬಾಗಿಲು ತೆರೆಯುವ ಮುಂಚೆ

ಕೇಳುಗರಿಗೆ ನಮಸ್ಕಾರ. ಇವತ್ತಿನ ಮಾತು ಕುದುರೆ ಓಟ ಶುರುಮಾಡುವ ಬಾಗಿಲಿನ ಬಗ್ಗೆ.

1993ರ ಏಪ್ರಿಲ್ 3. ಇಂಗ್ಲೆಂಡಿನ ಏಂಟ್ರಿಯಲ್ಲಿ ಗ್ರ್ಯಾಂಡ್ ನ್ಯಾಷನಲ್ ಎಂಬ ಬೇಲಿ ಹಾರುವ ಕುದುರೆ ಓಟ. 39 ಕುದುರೆ ನಿಂತಿವೆ, ಮುಂದೆ ಅಡ್ಡಲಾಗಿ ಒಂದು ಪಟ್ಟಿ. ಪಟ್ಟಿ ಮೇಲೆದ್ದರೆ ಓಟ ಶುರು. ಆವತ್ತು ಅದು ಒಬ್ಬ ಜಾಕಿಯ ಕುತ್ತಿಗೆಗೇ ಸುತ್ತಿಕೊಂಡಿತು! ತಪ್ಪು ಆರಂಭ ಎಂದು ಸನ್ನೆ ಮಾಡಿದರೂ 30 ಮಂದಿಗೆ ಗೊತ್ತಾಗದೆ ಕುದುರೆ ಓಡಿಸಿಯೇಬಿಟ್ಟರು. ಏಳು ಕಿಲೋಮೀಟರಿಗೂ ಮೀರಿದ ದಾರಿ. ಈಶಾ ನೆಸ್ ಎಂಬ ಕುದುರೆ ಮೊದಲು ಗುರಿ ಮುಟ್ಟಿತು. ಆದರೆ ಓಟವೇ ರದ್ದು.

ಬೇಲಿ ಹಾರುವ ಉದ್ದದ ಓಟಗಳಲ್ಲಿ ಮೊದಲ ಎರಡು ಹೆಜ್ಜೆ ಅಷ್ಟು ಲೆಕ್ಕಕ್ಕಿಲ್ಲ. ಹಾಗಾಗಿ ಅಲ್ಲಿ ಪಟ್ಟಿಯೇ ಸಾಕು ಎಂದು ನಡೆದುಬಂದಿತ್ತು. ಬೇಲಿಯಿಲ್ಲದ ಸಮತಟ್ಟಾದ ನೆಲದ ಮೇಲೆ ಒಂದು ನಿಮಿಷದಲ್ಲಿ ಮುಗಿಯುವ ಓಟದಲ್ಲಿ ಆ ಮಾತು ನಡೆಯುವುದಿಲ್ಲ. ಅಮೆರಿಕದ ಕುದುರೆ ಮ್ಯಾನ್ ಓ ವಾರ್ 21 ಓಟ ಓಡಿ 20 ಗೆದ್ದವನು. ಸೋತದ್ದು ಒಂದೇ, 1919ರಲ್ಲಿ ಸರಟೋಗದಲ್ಲಿ. ಅಲ್ಲೂ ಪಟ್ಟಿಯೇ, ಹೊರಡುವಾಗಲೇ ಹಿಂದೆ ಬಿದ್ದ. ಗೆದ್ದವನ ಹೆಸರು ಕೇಳಿ: ಅಪ್ಸೆಟ್, ಅಂದರೆ ಬುಡಮೇಲು!

ಈ ರಗಳೆಗೆ ಬಾಗಿಲು ಹಾಕಿದವನು, ಅಕ್ಷರಶಃ ಬಾಗಿಲನ್ನೇ ಹಾಕಿದವನು, ಕ್ಲೇ ಪ್ಯೂಯೆಟ್. ಅವನ ವಿದ್ಯುತ್ ಗೇಟ್ 1939ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಬಳಕೆಗೆ ಬಂತು. ಬ್ರಿಟನ್ನಿಗೆ ಇಂಥ ಗೇಟು ಬರಲು 1965 ಆಗಬೇಕಾಯಿತು. ಹಳೆಯದನ್ನು ಬಿಡಲು ಅವರಿಗೆ ಯಾವಾಗಲೂ ಸ್ವಲ್ಪ ಸಂಕಟ.

ಒಂದೊಂದು ಕುದುರೆಗೆ ಒಂದೊಂದು ಇಕ್ಕಟ್ಟಾದ ಗೂಡು. ಯಾರಿಗೆ ಯಾವ ಗೂಡು ಎನ್ನುವುದು ಚೀಟಿ ಎತ್ತಿದ ಹಾಗೆ, ಅದೃಷ್ಟ. ತಿರುವು ಹತ್ತಿರವಿದ್ದರೆ ಒಳಬದಿಯ ಗೂಡಿನವನಿಗೆ ದಾರಿ ಕಡಿಮೆ. ಬೆದರುವ ಕುದುರೆಗೆ ಕಣ್ಣು ಕಟ್ಟಿ ಹಿಂದಿನಿಂದ ನೂಕುತ್ತಾರೆ. ಒಳಗೆ ಹೋಗುತ್ತಲೇ ಬೆನ್ನ ಹಿಂದೆ ಬಾಗಿಲು ಬೀಳುತ್ತದೆ. ಮೊದಲು ಒಳಹೊಕ್ಕ ಕುದುರೆಗೆ ಕಾಯುವ ಶಿಕ್ಷೆ ಜಾಸ್ತಿ. ಅದು ಕಾಲು ಕೆದರುತ್ತದೆ, ಬೆವರುತ್ತದೆ. ಎಷ್ಟೋ ಓಟ ಅಲ್ಲೇ ಸೋತುಹೋಗುತ್ತದೆ ಎಂದು ನನಗನ್ನಿಸುತ್ತದೆ.

ಮುಂದಿನ ಬಾಗಿಲುಗಳನ್ನು ವಿದ್ಯುತ್ ಅಯಸ್ಕಾಂತಗಳು ಹಿಡಿದಿರುತ್ತವೆ. ಸ್ಟಾರ್ಟರ್, ಅಂದರೆ ಓಟ ಶುರುಮಾಡುವ ಅಧಿಕಾರಿ, ಗುಂಡಿ ಒತ್ತಿದರೆ ಕರೆಂಟು ಹರಿಯುವುದಲ್ಲ, ನಿಲ್ಲುತ್ತದೆ. ಹಿಡಿತ ತಪ್ಪಿದ ಬಾಗಿಲುಗಳನ್ನು ಸ್ಪ್ರಿಂಗುಗಳು ಒಟ್ಟಿಗೇ ತಳ್ಳುತ್ತವೆ. ಕರೆಂಟು ಕೈಕೊಟ್ಟರೂ ಅಷ್ಟೇ, ಬಾಗಿಲು ತೆರೆದುಕೊಳ್ಳುತ್ತದೆ. ಅರ್ಧ ಟನ್ ತೂಕದ ದಿಗಿಲುಬಿದ್ದ ಜೀವವನ್ನು ಪೆಟ್ಟಿಗೆಯೊಳಗೆ ಉಳಿಸಿಕೊಳ್ಳುವ ಧೈರ್ಯ ಯಾರಿಗಿದೆ?

ನಮಸ್ಕಾರ.