ಪಿಕಪ್ಪಿನ ಬಿಸಿ ಸೀಟು ತಣ್ಣಗಾದಾಗ

ಕೇಳುಗರಿಗೆ ನಮಸ್ಕಾರ. ಪುಣೆಯಲ್ಲಿ ಬಿಸಿ ಸೀಟು ಯಾಕಪ್ಪಾ ಎಂದು ಮುಂಬೈಯ ನಮ್ಮವರು ನಗಬಹುದು. ನಗಲಿ. ಡಿಸೆಂಬರ್, ಜನವರಿಯ ನಸುಕಿನಲ್ಲಿ ಇಲ್ಲಿ ತಾಪಮಾನ 10 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಕಾತ್ರಜ್ ಘಾಟಿ ಇಳಿದು ಮಾರ್ಕೆಟ್ ಯಾರ್ಡಿಗೆ ಮಾಲು ತರುವ, ಸೊಂಟ ಹಿಡಿದ ಪಿಕಪ್ ಚಾಲಕರಿಗೆ ಸೀಟಿನೊಳಗಿನ ಹೀಟರ್ ಪ್ಯಾಡ್ ಶೋಕಿಯಲ್ಲ. ಆದರೆ ಅದು ಕೆಟ್ಟಿತೆಂದು ಸೀಟು ಹರಿಸಿ ಹೊಸ ಪ್ಯಾಡ್ ಹಾಕಿಸುವ ಅವಸರ ಬೇಡ. ದೋಷ ಎಷ್ಟೋ ಸಲ ಸೀಟಿನ ಕೆಳಗಿನ ವೈರಿನಲ್ಲೇ ಇರುತ್ತದೆ.

ಮೊದಲು ಸ್ವಿಚ್ಚಿನ ದೀಪ ನೋಡಿ. ದೀಪವೇ ಹತ್ತದಿದ್ದರೆ ಫ್ಯೂಸು ನೋಡಿ. ಹೊಸ ಫ್ಯೂಸೂ ಕೂಡಲೇ ಹಾರಿದರೆ ಹೆಚ್ಚಾಗಿ ವೈರು ಎಲ್ಲೋ ಸವೆದು ಗಾಡಿಯ ಲೋಹದ ಮೈಗೆ ತಾಗುತ್ತಿದೆ ಎಂದರ್ಥ. ಆಗ 10 ಆಂಪಿಯರ್ ಜಾಗದಲ್ಲಿ 20 ಹಾಕುವ ಜಾಣತನ ಬೇಡ. ಹಾಗೆ ಮಾಡಿದರೆ ಮೊದಲು ಸುಡುವುದು ವೈರು, ಆಮೇಲೆ ಸೀಟಿನ ಫೋಮು.

ದೀಪ ಹತ್ತಿಯೂ ಬಿಸಿ ಬರದಿದ್ದರೆ ಸೀಟಿನ ಕೆಳಗೆ ಕೈಹಾಕಬೇಕು. ಅಲ್ಲಿ ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು, ಅದಕ್ಕೆ ಮಲ್ಟಿಮೀಟರ್ (ವೋಲ್ಟ್, ಓಮ್ ಅಳೆಯುವ ಮೀಟರ್) ತಾಗಿಸಲೇಬಾರದು. ಸೀಟು ಕಳಚುವುದೇ ಆದರೆ ಬ್ಯಾಟರಿಯ ನೆಗೆಟಿವ್ ತೆಗೆದು ಹತ್ತು ನಿಮಿಷ ಕಾಯಿರಿ.

ಹೀಟರಿನ ಕನೆಕ್ಟರ್ ಬಿಡಿಸಿ ಪ್ಯಾಡಿನ ಕಡೆಗೆ ಓಮ್, ಅಂದರೆ ಕರೆಂಟಿಗೆ ತಂತಿ ಒಡ್ಡುವ ತಡೆ, ಅಳೆಯಿರಿ. 12 ವೋಲ್ಟಿನ 45 ವ್ಯಾಟ್ ಪ್ಯಾಡ್ ಸುಮಾರು 3 ಓಮ್ ತೋರಿಸಬೇಕು. ಇಷ್ಟು ಸಣ್ಣ ಅಳತೆಯಲ್ಲಿ ಮೀಟರಿನ ವೈರಿನ ಓಮ್ ಕೂಡ ಲೆಕ್ಕಕ್ಕೆ ಬರುತ್ತದೆ; ಎರಡೂ ಮೊನೆ ಒಂದಕ್ಕೊಂದು ತಾಗಿಸಿ ಬಂದದ್ದನ್ನು ಕಳೆಯಿರಿ. ಮೀಟರ್ ಏನೂ ತೋರಿಸದಿದ್ದರೆ ಒಳಗಿನ ತಂತಿ ತುಂಡಾಗಿದೆ. ಕೂರುವ ಭಾಗವನ್ನು ಮಂಡಿಯಿಂದ ಒತ್ತಿದಾಗ ಅಂಕಿ ಕುಣಿದರೆ ತುಂಡಾಗುವ ಹಾದಿಯಲ್ಲಿದೆ. ಎತ್ತರದ ಗಾಡಿ ನೋಡಿ, ಹತ್ತಿ ಇಳಿಯುವಾಗ ಭಾರವೆಲ್ಲ ಬಾಗಿಲ ಕಡೆಯ ಅಂಚಿಗೇ ಬೀಳುತ್ತದೆ, ತಂತಿ ಹೆಚ್ಚಾಗಿ ಸಾಯುವುದೂ ಅಲ್ಲೇ. ಕಂಪನಿಯಿಂದಲೇ ಬಂದ ಸೀಟುಗಳಲ್ಲಿ ಕೂರುವ ಪ್ಯಾಡೂ ಬೆನ್ನಿನದೂ ಸೀರೀಸಿನಲ್ಲಿ, ಅಂದರೆ ಕರೆಂಟು ಒಂದನ್ನು ದಾಟಿಯೇ ಇನ್ನೊಂದಕ್ಕೆ ಹೋಗುವಂತೆ, ಜೋಡಿಸಿರುವುದುಂಟು. ಆಗ ಒಂದು ಹೋದರೆ ಎರಡೂ ತಣ್ಣಗೆ.

ಪ್ಯಾಡ್ ಸರಿಯಿದೆ, ಕನೆಕ್ಟರಿನಲ್ಲಿ 12 ವೋಲ್ಟೂ ಬರುತ್ತಿದೆ, ಆದರೂ ಬಿಸಿಯಿಲ್ಲ. ಮೆಕ್ಯಾನಿಕ್ಕುಗಳು ದಾರಿ ತಪ್ಪುವುದು ಇಲ್ಲಿ. ಹಸಿರು ಕಿಲುಬು ಹಿಡಿದ ಪಿನ್ನು ಮೀಟರಿಗೆ ಪೂರ್ತಿ ವೋಲ್ಟ್ ತೋರಿಸುತ್ತದೆ, 4 ಆಂಪಿಯರ್ ಎಳೆದ ಕೂಡಲೇ ಕೈಕೊಡುತ್ತದೆ. ಕಂಪನಿಯದಲ್ಲದೆ ಗಾಡಿ ಕೊಂಡ ಮೇಲೆ ಹೊರಗೆ ಹಾಕಿಸಿದ ಹೀಟರ್ ಕಿಟ್ ಆದರೆ 55 ವ್ಯಾಟಿನ ಹಳೆಯ ಹೆಡ್‌ಲೈಟ್ ಬಲ್ಬನ್ನು ಪ್ಯಾಡಿನ ಜಾಗದಲ್ಲಿ ಕೊಟ್ಟು ನೋಡಿ. ಬಲ್ಬು ಮಂಕಾಗಿ ಉರಿದರೆ ಪಿನ್ನು, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚು) ಇಲ್ಲವೇ ಅರ್ಥಿಂಗ್ (ಗಾಡಿಯ ಮೈಗೆ ಹೋಗುವ ನೆಗೆಟಿವ್ ಜೋಡಣೆ) ಕೆಟ್ಟಿದೆ. ಕೊಂಕಣದ ಮಳೆಯಲ್ಲಿ ಓಡುವ, ಒದ್ದೆ ಮ್ಯಾಟಿನ ಗಾಡಿಗಳಲ್ಲಿ ಇದು ಸಾಮಾನ್ಯ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಉಜ್ಜಿ. ಪಿನ್ನು ಕಪ್ಪಾಗಿ ಸುಟ್ಟಿದ್ದರೆ ಉಜ್ಜುವುದು ದಂಡ, ಬದಲಿಸಿ.

ಸೀಟು ಒಂದೇ ಚುಕ್ಕೆಯಲ್ಲಿ ಸುಡುತ್ತಿದ್ದರೆ ಅಥವಾ ಕಮಟು ವಾಸನೆ ಬಂದರೆ ಯಾವ ಪರೀಕ್ಷೆಯೂ ಬೇಡ, ಫ್ಯೂಸು ಕಿತ್ತಿಡಿ. ಆ ಪ್ಯಾಡಿಗೆ ಬೆಸುಗೆ ಹಾಕಿಸುವುದೂ ಬೇಡ.

ಹೊಸ ಪ್ಯಾಡ್ ಕೂರಿಸುವಾಗ ಫೋಮಿನ ತೋಡಿನಲ್ಲಿ ಅದು ಮಡಚಿಕೊಳ್ಳಬಾರದು, ಮಡಿಕೆಯಲ್ಲೇ ಬಿಸಿ ಗಂಟುಕಟ್ಟುತ್ತದೆ. ಕರೆಂಟು ರಿಲೇ ಮೂಲಕವೇ ಬರಲಿ. ರಿಲೇಯ ಪಿನ್ನುಗಳ ಅಂಕಿ ನೋಡಿ ಜೋಡಿಸಿ: 30ಕ್ಕೆ ಫ್ಯೂಸು ದಾಟಿದ ಬ್ಯಾಟರಿ, 87ಕ್ಕೆ ಪ್ಯಾಡ್, 86ಕ್ಕೆ ಇಗ್ನಿಷನ್ ಸ್ವಿಚ್ಚಿನಿಂದ ಬರುವ ತಂತಿ, 85ಕ್ಕೆ ಅರ್ಥಿಂಗ್. ಹೀಗಾದರೆ ಕೀಲಿ ತೆಗೆದ ಮೇಲೆ ಬ್ಯಾಟರಿ ಇಳಿಯದು. ಕವರ್ ಹೊದಿಸುವ ಮೊದಲು ಪ್ಯಾಡನ್ನು ಹತ್ತು ನಿಮಿಷ ಚಾಲೂ ಇಟ್ಟು, ಅಂಗೈಯಿಂದ ಉದ್ದಕ್ಕೂ ಮುಟ್ಟಿ ನೋಡಿ. ಸಕ್ಕರೆ ಕಾಯಿಲೆಯಿಂದ ಚರ್ಮ ಜೋಮು ಹಿಡಿದವರು ಕೂರುವ ಸೀಟಾದರೆ ಥರ್ಮೋಸ್ಟ್ಯಾಟ್ (ಬಿಸಿ ಮಿತಿ ಮೀರದಂತೆ ಕರೆಂಟು ಕಡಿಯುವ ಭಾಗ) ಇಲ್ಲದ ಪ್ಯಾಡ್ ಕೊಳ್ಳಲೇಬೇಡಿ, ಚರ್ಮ ಸುಟ್ಟರೂ ಅವರಿಗೆ ತಿಳಿಯದು. ಕೊನೆಗೆ ಸೀಟನ್ನು ಹಳಿಯ ಈ ತುದಿಯಿಂದ ಆ ತುದಿಗೆ ಸರಿಸಿ, ವೈರು ಎಲ್ಲೂ ಬಿಗಿಯುವುದಿಲ್ಲ, ಹಳಿಗೆ ಸಿಗುವುದಿಲ್ಲ ಎಂದು ಖಾತ್ರಿಯಾದ ಮೇಲೆ ಬೋಲ್ಟು ಬಿಗಿಯಿರಿ. ನಮಸ್ಕಾರ.