ಸೊನ್ನೆ ಬಿಲ್ಲನ್ನೂ ಓದ್ರಿ! ಕೊನೇ ತಾರೀಖು, ಪಗಾರ ಮತ್ತು ದಂಡ

[ದೃಶ್ಯ: ಅಡುಗೆಮನೆ ಗೋಡೆ. ಕ್ಯಾಲೆಂಡರ್, ಪಕ್ಕದಲ್ಲಿ ತಂತಿಗೆ ಚುಚ್ಚಿದ ಬಿಲ್ಲುಗಳು.]

ನಮಸ್ಕಾರ್ರಿ. ಕಲಬುರಗಿಯ ನಮ್ಮ ಅಡುಗೆಮನೆಯಿಂದಲೇ ಮಾತಾಡುತ್ತಿದ್ದೇನೆ. ಹಿಂದೆ ಕೂಲರ್ ಸದ್ದು ಕೇಳುತ್ತೆ, ಸ್ವಲ್ಪ ಸಹಿಸಿಕೊಳ್ಳಿ. ಈ ಬಿಸಿಲಲ್ಲಿ ಅದನ್ನು ಆಫ್ ಮಾಡುವ ಧೈರ್ಯ ನನಗಿಲ್ಲ.

ಇವತ್ತಿನ ಕಥೆಗೂ ಕೂಲರೇ ಕಾರಣ. ಗೃಹಜ್ಯೋತಿ, ಅಂದರೆ ತಿಂಗಳಿಗೆ 200 ಯೂನಿಟ್‌ವರೆಗಿನ ಉಚಿತ ಕರೆಂಟ್ ಯೋಜನೆಗೆ ಚಾಲನೆ ಸಿಕ್ಕಿದ್ದು ನಮ್ಮೂರಲ್ಲೇ, 2023ರ ಆಗಸ್ಟ್ 5ರಂದು. ಅಲ್ಲಿಂದ ನಮ್ಮ ಮನೆಗೆ ಸೊನ್ನೆ ಬಿಲ್ಲು. ಸೊನ್ನೆ ಬಿಲ್ಲನ್ನು ಯಾರು ಓದ್ತಾರೆ, ಅಲ್ವಾ? ಅವ್ವ ಅದನ್ನು ಮಡಚಿ ಟಿವಿ ಹಿಂದೆ ಸಿಕ್ಕಿಸುತ್ತಿದ್ದಳು. ಹೋದ ಮೇ ತಿಂಗಳಲ್ಲಿ ಅಕ್ಕನ ಮಕ್ಕಳು ರಜೆಗೆ ಬಂದರು. ಎರಡು ಕೂಲರ್, ಹಗಲೂ ರಾತ್ರಿ. ಯೂನಿಟ್ 200 ದಾಟಿತು. ದಾಟಿದರೆ ಮೇಲಿನ ನಾಲ್ಕು ಯೂನಿಟ್ಟಿಗಷ್ಟೇ ಅಲ್ಲ, ಇಡೀ ಬಿಲ್ಲಿಗೇ ದುಡ್ಡು ಕಟ್ಟಬೇಕು. ಆ ಬಿಲ್ಲೂ ರೂಢಿಯಂತೆ ಟಿವಿ ಹಿಂದೆ ಹೋಯ್ತು. ಮುಂದಿನ ತಿಂಗಳು ಬಾಕಿಯ ಜೊತೆ ಬಡ್ಡಿಯೂ ಬಂತು.

ಆ ಬಡ್ಡಿ ಸಣ್ಣದು, ಬಿಡಿ. ಇಎಂಐ ತಪ್ಪಿದರೆ ಏಟು ದೊಡ್ಡದು. ಖಾತೆಯಲ್ಲಿ ಹತ್ತು ರೂಪಾಯಿ ಕಡಿಮೆ ಇದ್ದರೂ ಕಂತು ಬೌನ್ಸ್. ನಿಮ್ಮ ಬ್ಯಾಂಕೂ ದುಡ್ಡು ಕೀಳುತ್ತೆ, ಸಾಲ ಕೊಟ್ಟವರೂ ಕೀಳ್ತಾರೆ. ಭಾನುವಾರ ಬ್ಯಾಂಕ್ ರಜೆ ಅಂತ ನಿಶ್ಚಿಂತೆಯಾಗಿ ಇರಬೇಡಿ. 2021ರ ಆಗಸ್ಟ್‌ನಿಂದ ಭಾನುವಾರವೂ ಕಂತು ಕಟ್ ಆಗುತ್ತದೆ.

[ದೃಶ್ಯ: ಕ್ಯಾಲೆಂಡರ್ ಹತ್ತಿರದಿಂದ. 5ನೇ ತಾರೀಖಿಗೆ ಕೆಂಪು ಸುತ್ತು.]

ನನ್ನ ಪಗಾರ 5ಕ್ಕೆ. ಕ್ರೆಡಿಟ್ ಕಾರ್ಡಿನ ಕೊನೇ ದಿನ 2. ಪ್ರತಿ ತಿಂಗಳೂ ಆ ಮೂರು ದಿನ ಕೈಸಾಲ! ನೆನಪಿನ ತೊಂದರೆ ಅಲ್ಲ ಇದು, ತಾರೀಖಿನ ತೊಂದರೆ. ಕಾರ್ಡಿನ ಬಿಲ್ಲಿಂಗ್ ದಿನವನ್ನು, ಅಂದರೆ ಬಿಲ್ಲು ತಯಾರಾಗುವ ದಿನವನ್ನು, ಒಮ್ಮೆಯಾದರೂ ಬದಲಿಸಿಕೊಳ್ಳಲು ಬ್ಯಾಂಕ್ ಅವಕಾಶ ಕೊಡಲೇಬೇಕು, ರಿಸರ್ವ್ ಬ್ಯಾಂಕಿನ ನಿಯಮ ಇದೆ. ಕೇಳಿದೆ, ಬದಲಿಸಿಕೊಂಡೆ. ಅದರ ಜೊತೆ ಕೊನೇ ದಿನವೂ ಸರಿದು ಈಗ 10. ಇನ್ನೊಂದು ಮಾತು: ಕನಿಷ್ಠ ಮೊತ್ತ ಮಾತ್ರ ಕಟ್ಟಿದರೆ ತಡದ ದಂಡ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ಇಲ್ಲಿ ಎಡವುವವರೇ ಜಾಸ್ತಿ.

ಕಂತು, ಬಿಲ್ಲು ತಾನಾಗಿಯೇ ಕಟ್ ಆಗಲಿ ಅಂತ ಯುಪಿಐ ಆಟೋಪೇ ಹಾಕಿದ್ದೀರಾ? ದುಡ್ಡು ಕಟ್ ಆಗುವ 24 ಗಂಟೆ ಮೊದಲೇ ಮೆಸೇಜ್ ಬರುತ್ತದೆ. ಜಾಹೀರಾತು ಅಂತ ಅಳಿಸಬೇಡಿ, ಅವತ್ತೇ ಬ್ಯಾಲೆನ್ಸ್ ನೋಡಿ.

ಎಲ್‌ಐಸಿಯಲ್ಲಿ ಸ್ವಲ್ಪ ಉಸಿರಾಡಬಹುದು. ತಿಂಗಳ ಕಂತಿಗೆ 15 ದಿನ, ವರ್ಷದ ಕಂತಿಗೆ 30 ದಿನ ಹೆಚ್ಚಿನ ಗಡುವು ಇದೆ. ಮನೆ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ 5% ರಿಯಾಯಿತಿ. ಯುಗಾದಿ ಖರ್ಚಿನ ಬೆನ್ನಿಗೇ ಬರುತ್ತೆ, ಅದೊಂದೇ ಕಷ್ಟ.

[ದೃಶ್ಯ: ಅವ್ವ ಕನ್ನಡಕ ಹಾಕಿಕೊಂಡು ಬಿಲ್ಲು ನೋಡುತ್ತಿದ್ದಾಳೆ.]

ಈಗ ಕರೆಂಟ್ ಬಿಲ್ಲು ಬಂದ ಕೂಡಲೇ ಅವ್ವ ಮೊದಲು ಯೂನಿಟ್ ನೋಡುತ್ತಾಳೆ. ಈ ಸಲ 188. "ಒಂದು ಕೂಲರ್ ಬಂದ್ ಮಾಡು," ಅಂತ ಹೇಳಿ ಬಿಲ್ಲನ್ನು ತಂತಿಗೆ ಚುಚ್ಚಿದಳು.