ಒಂದು ದಿನದ ರಾಜೀನಾಮೆ

ನಮಸ್ಕಾರ ಬನ್ನಿ ಬನ್ನಿ. ಹೋದ ವಾರ ಬಾಂಗ್ಲಾದೇಶದಲ್ಲಿ ರೈಲ್ವೆ ಮಂತ್ರಿ ಆಗಿದ್ದ ಸುರಂಜಿತ್ ಸೇನ್‌ಗುಪ್ತಾ ಹೆಸರು ಎತ್ತಿದ್ದೇ ತಡ, ಒಬ್ರು ಕೆಳಗೆ ಬರೆದವ್ರೆ, "ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟ ಮನುಷ್ಯನ್ನ ಆಡ್ಕೋತೀರಲ್ಲ, ನಾಚ್ಕೆ ಆಗಲ್ವಾ" ಅಂತ. ಅದನ್ನ ಓದ್ತಾ ಓದ್ತಾ ನನ್ ಕಾಫಿ ಆರೋಯ್ತು. ಸ್ವಾಮಿ, ಯಾವ ರಾಜೀನಾಮೆ?

ಮನುಷ್ಯ ಸಾಮಾನ್ಯ ಅಲ್ಲ, ಅದು ಒಪ್ಪಿದೆ. ಸುನಾಮ್‌ಗಂಜ್ ಕಡೆ, ಮಳೆಗಾಲ ಬಂತು ಅಂದ್ರೆ ಊರೂರೇ ದ್ವೀಪ ಆಗಿ ದೋಣಿಲೇ ಓಡಾಡೋ ಸೀಮೆ, ಅಲ್ಲಿಂದ 1970ರಲ್ಲೇ ಗೆದ್ದು, ಆಮೇಲೆ ಪಾರ್ಲಿಮೆಂಟಿಗೆ ಏಳು ಸಲಕ್ಕೆ ಕಮ್ಮಿ ಇಲ್ಲ. 1972ರ ಸಂವಿಧಾನ ಬರೆದ ಕಮಿಟಿಲಿ 34 ಜನ, ವಿರೋಧ ಪಕ್ಷದಿಂದ ಇವ್ರೊಬ್ರೇ. 2004ರ ಢಾಕಾ ಗ್ರೆನೇಡ್ ದಾಳಿಲಿ ಗಾಯ ಆಗಿ ಉಳ್ಕೊಂಡೋರು. ಸರಿ, ದೊಡ್ಡೋರು. ಆದ್ರೆ ರಾಜೀನಾಮೆ ಮಾತ್ರ ಹೇಳ್ಬೇಡಿ.

2011ರ ನವೆಂಬರಲ್ಲಿ ರೈಲ್ವೆ ಮಂತ್ರಿ ಆದ್ರು, ಆಗಿದ್ದೇ ರೈಲ್ವೆ ಹಾಳು ಮಾಡ್ತಿರೋ ಕಪ್ಪು ಬೆಕ್ಕನ್ನ, ಅಂದ್ರೆ ಒಳಗಿನ ಭ್ರಷ್ಟನ್ನ, ಹುಡುಕ್ತೀನಿ ಅಂತ ಮೈಕ್ ಮುಂದೆ ಶಪಥ. ಐದು ತಿಂಗಳು ತುಂಬಿರ್ಲಿಲ್ಲ. 2012 ಏಪ್ರಿಲ್ 9ರ ರಾತ್ರಿ ಒಂದು ಕಾರು ಢಾಕಾದ ಪಿಲ್ಖಾನಾದಲ್ಲಿ ಗಡಿ ಕಾವಲು ಪಡೆಯ ಹೆಡ್‌ಕ್ವಾರ್ಟರ್ಸ್ ಗೇಟಿಗೆ ನುಗ್ತು. ನುಗ್ಸಿದ್ದು ಡ್ರೈವರ್ರೇ! ಒಳಗೆ ಮಂತ್ರಿಗಳ ಆಪ್ತ ಸಹಾಯಕ, ರೈಲ್ವೆ ಪೂರ್ವ ವಲಯದ ಜನರಲ್ ಮ್ಯಾನೇಜರ್, ಜೊತೆಗೆ ಸುಮಾರು 70 ಲಕ್ಷ ಟಾಕಾ, ಅಂದ್ರೆ ಅಲ್ಲಿನ ದುಡ್ಡು. ರೈಲ್ವೆ ನೇಮಕಾತಿ ಲಂಚ ಅಂತ ಆರೋಪ, ನಂಗೂ ಅದಕ್ಕೂ ಸಂಬಂಧ ಇಲ್ಲ ಅಂತ ಮಂತ್ರಿಗಳು. ಅವತ್ತಿಂದ ಜನ ಅವ್ರನ್ನೇ ಕಪ್ಪು ಬೆಕ್ಕು ಅಂತ ಕರೆಯೋಕೆ ಶುರು. ಬೆಕ್ಕು ಕಣ್ಮುಚ್ಕೊಂಡು ಹಾಲು ಕುಡಿದ್ರೆ... ಬಿಡಿ, ಲಾಯರ್ ನೋಟಿಸ್ ಬಂದ್ರೆ ಕಟ್ಟೋಕೆ ನಮ್ ಚಾನೆಲ್ ಹತ್ರ ದುಡ್ಡಿಲ್ಲ, ಅದಕ್ಕೇ ಸಬ್‌ಸ್ಕ್ರೈಬ್ ಆಗಿ ಅಂತ ಬಡ್ಕೊಳ್ಳೋದು.

ಈಗ ಮೇನ್ ಪಾಯಿಂಟ್. ಏಪ್ರಿಲ್ 16ಕ್ಕೆ ರಾಜೀನಾಮೆ. ಏಪ್ರಿಲ್ 17ಕ್ಕೆ? ಮತ್ತೆ ಮಂತ್ರಿ! ಖಾತೆ ಇಲ್ಲದ ಮಂತ್ರಿ! ಖಾತೆ ಇಲ್ಲ, ಮಂತ್ರಿಗಿರಿ ಇದೆ. ನಮ್ಮನೆ ಕೆಲಸದೋರು ಹಬ್ಬಕ್ಕೆ ಹಾಕೋ ರಜಾನೇ ಇದಕ್ಕಿಂತ ಜಾಸ್ತಿ ಕಣ್ರೀ.

"ಭ್ರಷ್ಟಾಚಾರ ನಿಗ್ರಹ ಆಯೋಗನೇ ಅವರ ಕೈವಾಡ ಇಲ್ಲ ಅಂದಿದೆ ಸಾರ್." ಹೌದಾ, ಸಂತೋಷ, ತಗೊಳ್ಳಿ ಮೈಸೂರ್‌ಪಾಕ್. ನಾನು ಕಳ್ಳ ಅಂದ್ನಾ? ಒಂದು ದಿನ ಅಂದೆ. ಒಂದು ದಿನ! "ಆಗಿನ ಪ್ರಧಾನಿ ಹಸೀನಾ ಬಿಡ್ಲಿಲ್ಲ ಸಾರ್, ಅವ್ರೇನ್ ಮಾಡ್ತಾರೆ." ಅಯ್ಯೋ ಪಾಪ, ಕುರ್ಚಿಗೆ ಹಗ್ಗ ಹಾಕಿ ಕಟ್ಟಿದ್ರಾ? ಬೇಡ ಅನ್ನೋಕೆ ಬಾಯಿರ್ಲಿಲ್ವಾ, ಅದೂ ಪಾರ್ಲಿಮೆಂಟಲ್ಲಿ ನಗಿಸಿ ನಗಿಸಿ ಕೊಲ್ತಿದ್ದ ಬಾಯಿ?

2017ರಲ್ಲಿ ತೀರ್ಕೊಂಡ್ರು, ಸೀಟು ಹೆಂಡತಿ ಜಯಾ ಸೇನ್‌ಗುಪ್ತಾಗೆ ಹೋಯ್ತು, ಅದು ಬೇರೆ ಎಪಿಸೋಡ್. ನಾನು ಹೇಳಿದ್ದು ಒಂದು ದಿನ. ಹದಿನಾರು, ಹದಿನೇಳು, ಕ್ಯಾಲೆಂಡರ್ ನೋಡಿ ಬೇಕಾದ್ರೆ. ಇನ್ನೂ ನೈತಿಕ ಹೊಣೆ ಅನ್ನೋರು ಕಾಮೆಂಟ್ ಹಾಕಿ, ಹಾಕಿ ಪರ್ವಾಗಿಲ್ಲ, ನಾನು ಇವತ್ತೇ ಈ ಚಾನೆಲ್‌ಗೆ ರಾಜೀನಾಮೆ ಕೊಡ್ತಿದೀನಿ. ನಾಳೆ ಸಂಜೆ ಏಳಕ್ಕೆ ಲೈವ್ ಇದೆ, ಬೆಲ್ ಒತ್ತಿಟ್ಕೊಳ್ಳಿ.